ಕೈಲ್‌ಪೊಳ್ದ್ ಹಬ್ಬದ ಫೋಟೊ ಹಾಕಿದ್ದಕ್ಕೆ ಗುಂಪೇ ಹೋಯ್ತು: ವಾಪಸ್ ತರಿಸಿಕೊಂಡ ಅನುಭವ

ತಾಣದವರು ಮುಚ್ಚಿದ್ದ ನಮ್ಮ ಆನ್‌ಲೈನ್ ಗುಂಪು ವಾಪಸ್ ಬಂದಿದೆ ಅಂತ ಗೊತ್ತಾದ ಕೂಡಲೇ ಫೋನ್‌ಗಳು ಶುರುವಾದವು. "ಅಣ್ಣ, ನಂದೂ ಅಕೌಂಟ್ ಹೋಗಿದೆ, ಎಲ್ಲಿ ಬರೀಬೇಕು?" "ಲಾಯರ್ ಬೇಕಾ?" "ಎಷ್ಟು ಖರ್ಚಾಯ್ತು?" ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಜಗಳದ ಕಥೆ ಬೇಡ, ಅರ್ಜಿ ವಿಷಯ ಮಾತ್ರ ಸಾಕು ಅನ್ನುವವರು ಮಧ್ಯದಿಂದ ಓದಿಕೊಳ್ಳಿ.

ನಾನು ಕೊಡಗಿನ ಚೇರಂಬಾಣೆ ಕಡೆಯವನು. ಸಣ್ಣ ತೋಟ ಇದೆ. ಮನೆಯಲ್ಲಿ ಗೌಡರ ಅರೆಭಾಷೆ ಮಾತಾಡುತ್ತೇವೆ. ಒಂದು ದೊಡ್ಡ ಚರ್ಚಾ ತಾಣದಲ್ಲಿ ಕೊಡಗಿನವರದ್ದೊಂದು ಗುಂಪಿದೆ. ನೋಡಿಕೊಳ್ಳುವುದು ಮೂರು ಜನ: ನಾನು, ವಿರಾಜಪೇಟೆಯ ಒಬ್ಬ ನಿವೃತ್ತ ಸುಬೇದಾರ್, ಕುಶಾಲನಗರದ ಒಬ್ಬ ಲೆಕ್ಚರರ್ ಮೇಡಂ. ತಾಣದ ಹೆಸರು ಹೇಳುವುದಿಲ್ಲ. ಯಾವ ತಾಣವಾದರೂ ಹೋಗಬೇಕಾದ ದಾರಿ ಒಂದೇ.

ಗುಂಪಿನಲ್ಲಿ ನಡೆಯುವುದು ಊರಿನ ಮಾತುಗಳೇ. ಯಾವ ಕಡೆ ಎಷ್ಟು ಇಂಚು ಮಳೆ ಬಂತು, ರೊಬಸ್ಟಾ ಕಾಫಿ ಚೆರಿ ರೇಟ್ ಎಷ್ಟು, ಆನೆ ಎಲ್ಲಿ ದಾಟಿತು, ಭಾಗಮಂಡಲ ರಸ್ತೆಗೆ ನೀರು ಬಂದಿದೆಯಾ. ಸುಮ್ನೆ ಹೀಗೇ ಇದ್ದರೆ ಅಡ್ಮಿನ್‌ಗೆ ಕೆಲಸವೇ ಇಲ್ಲ. ಆದರೆ ಆನೆ ಮಾತು ಬಂದ ದಿನ ಯಾರಾದರೊಬ್ಬರು "ಗುಂಡು ಹೊಡೀರಿ" ಅಂತ ಬರೆಯುತ್ತಾರೆ. ಕೂಲಿ ಮಾತು ಬಂದ ದಿನ ಅಸ್ಸಾಮಿನಿಂದ ಬಂದವರೆಲ್ಲ ಕಳ್ಳರು ಅನ್ನುವ ಹಾಗೆ ಬರೆಯುತ್ತಾರೆ. ತೆಗೆದರೆ ಅಡ್ಮಿನ್ ಪಕ್ಷಪಾತಿ. ಬಿಟ್ಟರೂ ಅಡ್ಮಿನ್ ಪಕ್ಷಪಾತಿ. ನಾನು ಕೊಡವರ ಪರ ಅಂತ ಕೆಲವರು, ಗೌಡರ ಪರ ಅಂತ ಇನ್ನು ಕೆಲವರು. ತೋಟದ ಮಾಲೀಕರ ಪರ ಅಂತ ಹೇಳಿದವರೂ ಇದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ನಿಜ ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಈ ಮಾತು ಕೇಳಿ ಕೇಳಿ ಸುಬೇದಾರ್ರು ಒಂದು ನೋಟ್‌ಬುಕ್ ಇಟ್ಟಿದ್ದರು. ಯಾವ ಪೋಸ್ಟ್ ತೆಗೆದೆವು, ಯಾವ ದಿನ, ಗುಂಪಿನ ಯಾವ ನಿಯಮದ ಪ್ರಕಾರ, ತೆಗೆದವರು ಯಾರು. ಮಿಲಿಟರಿ ಅಭ್ಯಾಸ. ಎಡಗಡೆ ತಾರೀಕು, ಬಲಗಡೆ ಸಹಿ. ನಾವಿಬ್ಬರೂ ನಗುತ್ತಿದ್ದೆವು. ಈ ನೋಟ್‌ಬುಕ್ ಇಲ್ಲದಿದ್ದರೆ ಮುಂದಿನ ಕೆಲಸ ಆಗುತ್ತಲೇ ಇರಲಿಲ್ಲ.

2024ರ ಕೈಲ್‌ಪೊಳ್ದ್‌ಗೆ ಬರೋಣ. ಹೊರಗಿನವರಿಗೆ ಒಂದು ಮಾತು: ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ 3ರ ಹೊತ್ತಿಗೆ ಬರುವ ಆಯುಧ ಪೂಜೆಯ ಹಬ್ಬ ಇದು. ಕೋವಿ, ಕತ್ತಿ ಎಲ್ಲ ತೊಳೆದು, ಒರೆಸಿ, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ದೀಪದ ಮುಂದೆ ಇಡುತ್ತಾರೆ. ಕಡಂಬಿಟ್ಟು, ಹಂದಿ ಕರಿ ಊಟ. ಆಮೇಲೆ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪ್ರತಿ ವರ್ಷ ಗುಂಪಿನಲ್ಲಿ ಫೋಟೊ ಹಾಕಲು ಒಂದು ಪೋಸ್ಟ್ ತೆರೆಯುತ್ತೇವೆ. ಆ ಸಲವೂ ತೆರೆದೆವು. ಕೆಂಪು ಹಳದಿ ಹೂ ಸಿಕ್ಕಿಸಿದ ಕೋವಿಗಳು, ಪಕ್ಕದಲ್ಲಿ ಕುಪ್ಯಚೇಲೆ ತೊಟ್ಟ ಅಜ್ಜಂದಿರು, ಕೋವಿಗಿಂತ ಕುಳ್ಳಗಿರುವ ಮಕ್ಕಳು. ತುಂಬ ಚೆನ್ನಾಗಿತ್ತು.

ರಾತ್ರಿ ಮಲಗುವಾಗ ಇತ್ತು. ಬೆಳಿಗ್ಗೆ ಹಾಲು ಕೊಟ್ಟು ಬಂದು ನೋಡಿದರೆ ಪೋಸ್ಟ್ ಇಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲಿನ ಸಂದೇಶ: ಆಯುಧ ಮಾರಾಟದ ನಿಯಮ ಮುರಿದಿದ್ದೀರಿ. ಮಧ್ಯಾಹ್ನದ ಹೊತ್ತಿಗೆ ಗುಂಪೂ ಮುಚ್ಚಿತು. ಸಂಜೆ ನನ್ನ ಅಕೌಂಟ್ ಕೂಡ ತಡೆಹಿಡಿದರು, ಪೋಸ್ಟ್ ತೆರೆದವನು ನಾನಲ್ವಾ. ಮಾರಾಟ ಅಂದರೆ ಏನು ಮಾರಾಟ, ಯಾವ ಫೋಟೊ, ಯಾರ ಮಾತು, ಒಂದೂ ಇಲ್ಲ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಇಷ್ಟು ದೊಡ್ಡ ತಾಣಗಳಲ್ಲಿ ಮೊದಲು ನೋಡುವುದು ಯಂತ್ರ. ಚಿತ್ರದಲ್ಲಿ ಕೋವಿ ಕಂಡರೆ ಗುರುತು ಹಾಕುತ್ತದೆ. ಜೊತೆಗೆ ಜನ ರಿಪೋರ್ಟ್ ಒತ್ತಿದರೆ ಗುರುತು ಇನ್ನೂ ಗಟ್ಟಿಯಾಗುತ್ತದೆ. ಮನುಷ್ಯರು ನೋಡುವುದು ಆಮೇಲೆ, ಅದೂ ಎಲ್ಲವನ್ನೂ ಅಲ್ಲ.

ಮೊದಲ ಹೆಜ್ಜೆ, ಆ ಸಂದೇಶದಲ್ಲೇ ಇರುವ ಮರುಪರಿಶೀಲನೆ ಬಟನ್. ಕೋಪದಲ್ಲಿ ಹೆಚ್ಚಿನವರು ಅದನ್ನು ಸುಮ್ನೆ ಒತ್ತಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬರೆಯಲು ಸಣ್ಣ ಜಾಗ ಕೊಡುತ್ತಾರೆ. ಇದು ಹಬ್ಬ, ಮಾರಾಟ ಅಲ್ಲ, ಕೊಡಗಿನಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕಾನೂನಿನ ವಿನಾಯಿತಿ ಇದೆ, ಇಷ್ಟನ್ನು ಮೇಡಂ ಚಿಕ್ಕ ಇಂಗ್ಲಿಷಿನಲ್ಲಿ ಬರೆದು ಕೊಟ್ಟರು. ಉತ್ತರ ಬೇಗ ಬಂತು: ನಿರ್ಧಾರ ಸರಿಯಾಗಿದೆ. ಅಷ್ಟೇ. ಓದಿದರೋ ಇಲ್ಲವೋ ದೇವರೇ ಬಲ್ಲ.

ಅಷ್ಟರಲ್ಲಿ ಊರಿನಲ್ಲಿ ಬೇರೆಯೇ ಕಥೆ. ವಾಟ್ಸ್ಯಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿತ್ತು. ಕೊಡವರ ಹಬ್ಬದ ಫೋಟೊ ಸಹಿಸಲಾಗದೆ ಅಡ್ಮಿನ್ನೇ ತೆಗೆಸಿದ್ದಾನೆ ಅಂತ. ನನ್ನ ಹೆಸರು ಹಾಕಿರಲಿಲ್ಲ, ಆದರೆ ಯಾರಿಗೆ ಗೊತ್ತಾಗುವುದಿಲ್ಲ? ನಮ್ಮದೂ ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಹಿಡುವಳಿ), ನಮ್ಮ ಮನೆಯಲ್ಲೂ ಕೋವಿ ಇದೆ, ಆ ಪೋಸ್ಟಿನಲ್ಲಿ ನಮ್ಮ ಕೋವಿಯ ಫೋಟೊವೂ ಇತ್ತು. ಇದನ್ನೆಲ್ಲ ಯಾರಿಗೆ ಹೇಳುವುದು? ನಾಪೋಕ್ಲು ಸಂತೆಯಲ್ಲಿ ಪರಿಚಯದವರೊಬ್ಬರು ನೋಡಿಯೂ ನೋಡದ ಹಾಗೆ ಹೋದರು. ಅಕೌಂಟ್ ಹೋದದ್ದಕ್ಕಿಂತ ಅದು ಜಾಸ್ತಿ ನೋವಾಯಿತು. ಸುಬೇದಾರ್ರು ಮಾತ್ರ ಆ ಸಂದೇಶ ಬಂದಲ್ಲೆಲ್ಲ ತಾರೀಕು ಸಮೇತ ಉತ್ತರ ಹಾಕುತ್ತಾ ಹೋದರು. "ನೀನು ಬಾಯಿ ಮುಚ್ಚಿಕೊಂಡು ಅರ್ಜಿ ಬರಿಯಪ್ಪ, ಇದನ್ನು ನಾನು ನೋಡ್ತೇನೆ" ಅಂದರು.

ಎರಡನೇ ಹೆಜ್ಜೆ ದೂರು ಅಧಿಕಾರಿ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ತಾಣಕ್ಕೂ ದೂರು ಅಧಿಕಾರಿ ಇರಲೇಬೇಕು, ಅವರ ಹೆಸರು ಮತ್ತು ಸಂಪರ್ಕ ತಾಣದಲ್ಲೇ ಇರಬೇಕು. ಭಾರತದಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ತಾಣವಾದರೆ ಆ ಅಧಿಕಾರಿ ಭಾರತದಲ್ಲೇ ವಾಸ ಇರಬೇಕು. ದೂರು ಕೊಟ್ಟರೆ 24 ಗಂಟೆಯೊಳಗೆ ಸ್ವೀಕೃತಿ, 2024ರಲ್ಲಿ ಇದ್ದ ನಿಯಮದಂತೆ 15 ದಿನದೊಳಗೆ ಉತ್ತರ. ಓದಲು ಸುಲಭ. ಆ ಪುಟ ಹುಡುಕುವುದೇ ಕಷ್ಟ. ಮುಖಪುಟದಲ್ಲಿ ಇರುವುದಿಲ್ಲ. ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ, ಷರತ್ತುಗಳ ಪುಟದ ಒಳಗೆ ಇನ್ನೊಂದು ಪುಟದಲ್ಲಿ ಇರುತ್ತದೆ. ತಾಣದ ಹೆಸರಿನ ಜೊತೆ 'ಗ್ರೀವೆನ್ಸ್ ಆಫೀಸರ್ ಇಂಡಿಯಾ' ಅಂತ ಹುಡುಕಿದರೆ ಬೇಗ ಸಿಗುತ್ತದೆ.

ದೂರಿನ ಫಾರ್ಮ್ ಮೊದಲು ಕೇಳಿದ್ದು ಆ ಪೋಸ್ಟಿನ ಲಿಂಕ್. ಪೋಸ್ಟೇ ಇಲ್ಲ, ಗುಂಪೇ ಇಲ್ಲ, ಅಕೌಂಟ್ ಒಳಗೆ ಹೋಗಲು ಬಿಡುತ್ತಿಲ್ಲ. ಲಿಂಕ್ ಎಲ್ಲಿಂದ ತರುವುದು? ಎರಡು ದಿನ ಇದರಲ್ಲೇ ಹೋಯ್ತು. ಕೊನೆಗೆ ಮೇಡಂ ಅವರ ಹಳೆಯ ಇಮೇಲ್‌ಗಳಲ್ಲಿ ಸಿಕ್ಕಿತು. ಯಾರೋ ಕಾಮೆಂಟ್ ಹಾಕಿದಾಗ ತಾಣವೇ ಕಳಿಸಿದ ಸೂಚನೆ, ಅದರೊಳಗೆ ಪೂರ್ತಿ ಲಿಂಕ್. ನೀವು ಗುಂಪು ನಡೆಸುವವರಾದರೆ ಇಮೇಲ್ ಸೂಚನೆ ಆಫ್ ಮಾಡಬೇಡಿ, ಎಷ್ಟೇ ಕಿರಿಕಿರಿ ಆದರೂ. ಮುಖ್ಯವಾದ ಪೋಸ್ಟಿನ ಲಿಂಕ್ ಬೇರೆ ಕಡೆ ಬರೆದಿಡಿ. ಸ್ಕ್ರೀನ್‌ಶಾಟ್ ತೆಗೆದರೆ ಮೇಲೆ ತಾರೀಕು, ಗಂಟೆ ಕಾಣುವ ಹಾಗೆ ತೆಗೆಯಿರಿ.

ಕಾಗದಗಳು. ಬೇರೆ ಊರಿನವರಿಗೆ ಇದು ಬೇಕಾಗುವುದಿಲ್ಲ, ನಮ್ಮವರಿಗೆ ಮುಂದೆಯೂ ಬೇಕಾಗಬಹುದು. ಕೊಡಗಿನ ಕೋವಿ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೂ ಮುಂದುವರಿಯಿತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇದು ಅನ್ವಯ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿ ಅಧಿಸೂಚನೆ ಹೊರಡಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ವಜಾ ಮಾಡಿತು. ಈ ಅಧಿಸೂಚನೆ ಮತ್ತು ತೀರ್ಪು ಎರಡನ್ನೂ ಪಿಡಿಎಫ್ ಮಾಡಿಸಿ ಲಗತ್ತಿಸಿದೆವು. ಸುದ್ದಿ ಕೇಳಿ ಗುಂಪಿನ ಕೆಲವರು ತಮ್ಮ ಮನೆಯ ವಿನಾಯಿತಿ ಪತ್ರದ ಫೋಟೊ ತೆಗೆದು ನನಗೆ ಕಳಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಆದರೆ ಹೆಸರು, ವಿಳಾಸ, ಕೋವಿ ನಂಬರ್ ಎಲ್ಲ ಇರುವ ಕಾಗದ ಅದು. ಯಾವ ಅರ್ಜಿಗೂ ಅದನ್ನು ಹಾಕಬೇಡಿ. ನಾನು ಎಲ್ಲವನ್ನೂ ಅಳಿಸಿಬಿಟ್ಟೆ.

ಸ್ವೀಕೃತಿ ನಂಬರ್ ಮರುದಿನವೇ ಬಂತು. ಆಮೇಲೆ ಮೌನ. ಮಳೆ ಇನ್ನೂ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಇಮೇಲ್ ನೋಡುವುದು, ಕರೆಂಟು ಹೋದರೆ ರೇಂಜೂ ಹೋಗುವುದು, ಆಗ ತೋಟದ ಮೇಲಿನ ದಿಬ್ಬ ಹತ್ತಿ ಫೋನ್ ಎತ್ತಿ ಹಿಡಿಯುವುದು. ಮನೆಯವಳು, "ಆ ಗುಂಪಿಗಿಂತ ಕಾಳುಮೆಣಸಿನ ಬಳ್ಳಿ ನೋಡಿದ್ರೆ ಎರಡು ಕಾಸು ಬರ್ತಿತ್ತು" ಅಂದಳು. ಅವಳು ಹೇಳಿದ್ದು ಸರಿಯೇ, ಬೆಲೆ ಅಷ್ಟು ಏರಿದ್ದ ವರ್ಷ ಅದು.

ಗಡುವು ಮುಗಿಯುವ ಹೊತ್ತಿಗೆ ಉತ್ತರ ಬಂತು. ನಮ್ಮ ದೂರು ತಿರಸ್ಕೃತ. ಆದರೆ ಈ ಸಲ ಒಂದು ಸಾಲು ಜಾಸ್ತಿ ಇತ್ತು: ಬಳಕೆದಾರರ ನಡುವೆ ಆಯುಧದ ಬೆಲೆಯ ಮಾತುಕತೆ ನಡೆದಿದೆ ಅಂತ. ಬೆಲೆಯಾ? ಸುಬೇದಾರ್ರು ತಮ್ಮ ಫೋನಿನಲ್ಲಿ ಆ ರಾತ್ರಿ ತೆಗೆದ ಸ್ಕ್ರೀನ್‌ಶಾಟ್‌ಗಳನ್ನು ಒಂದೊಂದಾಗಿ ನೋಡಿದರು. ಸಿಕ್ಕೇಬಿಟ್ಟಿತು. ಹಳೆಯ ಒಂಟಿ ನಳಿಕೆ ಕೋವಿಯ ಫೋಟೊ ಕೆಳಗೆ ಬೆಂಗಳೂರಿನಲ್ಲಿರುವ ಹುಡುಗನೊಬ್ಬ ಬರೆದಿದ್ದ: "ಅಜ್ಜಾ, ಕೊಡ್ತೀರಾ? ರೇಟ್ ಹೇಳಿ." ಕೆಳಗೆ ಅಜ್ಜನ ಮೊಮ್ಮಗಳ ಉತ್ತರ: "ಎರಡು ಚೀಲ ಚೆರಿ ತಾ." ಅದರ ಕೆಳಗೆ ನಗುವ ಮುಖಗಳ ಸಾಲು.

ನಮಗೆ ತಮಾಷೆ. ಓದುವ ಯಂತ್ರಕ್ಕೆ ವ್ಯಾಪಾರ. ನಿಜ ಹೇಳಬೇಕೆಂದರೆ ಇದು ಗೊತ್ತಾದ ಮೇಲೆ ನನ್ನ ಅರ್ಧ ಸಿಟ್ಟು ಇಳಿಯಿತು. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಮಾರುವ ವ್ಯಾಪಾರಕ್ಕಲ್ಲ. ಆ ಒಂದು ಕಾಮೆಂಟ್ ತೆಗೆದಿದ್ದರೆ ನಾವು ಕೇಳುತ್ತಲೇ ಇರಲಿಲ್ಲ. ಅದೊಂದಕ್ಕೆ ಇಡೀ ಗುಂಪನ್ನು ಮುಚ್ಚಿ, ಕಾರಣವನ್ನು ಇಷ್ಟು ತಡವಾಗಿ ಹೇಳಿದ್ದೇ ನಮ್ಮ ತಕರಾರು. ಮೇಲ್ಮನವಿಯಲ್ಲಿ ಇದನ್ನೇ ಹಿಡಿದೆವು.

ಮಡಿಕೇರಿಯಲ್ಲಿ ಒಬ್ಬ ವಕೀಲರನ್ನು ಕಂಡೆ. ₹1,500 ತೆಗೆದುಕೊಂಡು ಒಳ್ಳೆಯ ಮಾತು ಹೇಳಿದರು: "ಕೋರ್ಟಿಗೆ ಬರಬೇಡಿ, ಮೊದಲು ಜಿಎಸಿಗೆ ಹಾಕಿ. ಅದಕ್ಕೆ ನಾನೂ ಬೇಡ." ಜಿಎಸಿ ಅಂದರೆ ಗ್ರೀವೆನ್ಸ್ ಅಪೆಲೇಟ್ ಕಮಿಟಿ, ತಾಣದ ದೂರು ಅಧಿಕಾರಿಯ ತೀರ್ಮಾನದ ಮೇಲೆ ಮೇಲ್ಮನವಿ ಕೇಳುವ ಸಮಿತಿ. ಐಟಿ ನಿಯಮಗಳಿಗೆ 2022ರ ಅಕ್ಟೋಬರ್‌ನಲ್ಲಿ ಆದ ತಿದ್ದುಪಡಿಯಿಂದ ಬಂದದ್ದು. 2023ರ ಜನವರಿಯಲ್ಲಿ ಇಂಥ ಮೂರು ಸಮಿತಿ ರಚಿಸಿದರು, ಅದೇ ಮಾರ್ಚ್‌ನಿಂದ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ. ಒಂದೊಂದರಲ್ಲಿ ಒಬ್ಬ ಅಧ್ಯಕ್ಷರು, ಇಬ್ಬರು ಸದಸ್ಯರು. ನೇಮಕ ಮಾಡುವುದು ಕೇಂದ್ರ ಸರ್ಕಾರ. ಸರ್ಕಾರವೇ ನೇಮಿಸಿದ ಸಮಿತಿ ಮಾತಿನ ಜಗಳ ತೀರಿಸುವುದು ಎಷ್ಟು ಸರಿ ಅಂತ ಟೀಕೆ ಇದೆ. ಮೇಡಂ ಕೂಡ ಇದನ್ನೇ ಎತ್ತಿದರು. ಸರ್ಕಾರದ ವಿರುದ್ಧ ಬರೆದ ಪೋಸ್ಟ್ ಆಗಿದ್ದರೆ ನನಗೂ ಅನುಮಾನ ಬರುತ್ತಿತ್ತು. ಹಬ್ಬದ ಕೋವಿಗೆ ಆ ತಲೆನೋವು ಇರಲಿಲ್ಲ.

ಶುಲ್ಕ ಇಲ್ಲ, ದೆಹಲಿಗೆ ಹೋಗಬೇಕಿಲ್ಲ, ಎಲ್ಲ ಆನ್‌ಲೈನ್. ಮರೆಯಬಾರದ್ದು ಒಂದೇ: ದೂರು ಅಧಿಕಾರಿಯ ಉತ್ತರ ಕೈಸೇರಿದ 30 ದಿನದೊಳಗೆ ಹಾಕಬೇಕು. ಆ ಉತ್ತರದ ಪ್ರತಿ ಇರಲೇಬೇಕು. ಇಮೇಲ್ ಅಳಿಸಿದರೆ ಕೆಟ್ಟಿರಿ.

ಅರ್ಜಿ ಹಾಕಲು ಕೂತದ್ದು ತೀರ್ಥೋದ್ಭವದ ಹೊತ್ತಿನಲ್ಲಿ. ತಲಕಾವೇರಿಗೆ ಹೋಗುವ ಗಾಡಿಗಳು ನಮ್ಮ ರಸ್ತೆಯಲ್ಲೇ. ಬಂದವರೆಲ್ಲ ಫೋನ್ ಹಿಡಿದವರೇ, ನಮ್ಮ ಟವರ್ ಪೂರ್ತಿ ಸುಸ್ತು. ಓಟಿಪಿ ಬರುವಷ್ಟರಲ್ಲಿ ಅದರ ಸಮಯ ಮುಗಿದಿರುತ್ತಿತ್ತು. ಕೊನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮಡಿಕೇರಿಗೆ ಹೋಗಿ, ಕಾಲೇಜು ರಸ್ತೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂತು ಹಾಕಿದೆ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಭಾರವಾಗಿದ್ದವು, ಅಂಗಡಿ ಹುಡುಗ ಚಿಕ್ಕದು ಮಾಡಿಕೊಟ್ಟ. ₹120 ಆಯ್ತು.

ಏನು ಬರೆದೆವು ಅಂತ ಎಲ್ಲರೂ ಕೇಳುತ್ತಾರೆ. ಪಕ್ಷಪಾತ ಅನ್ನುವ ಪದವನ್ನೇ ಬಳಸಲಿಲ್ಲ. ಮೊದಲ ಕರಡಿನಲ್ಲಿ ಪುಟ ತುಂಬಾ ಅದೇ ಇತ್ತು, ಸುಬೇದಾರ್ರು ಪೆನ್ಸಿಲ್‌ನಲ್ಲಿ ಗೀಟು ಎಳೆದು ಹೊಡೆದುಹಾಕಿದರು. ತಾಣದವರ ಮನಸ್ಸಿನಲ್ಲಿ ಏನಿತ್ತು ಅಂತ ಸಾಬೀತು ಮಾಡಲು ನಮ್ಮಿಂದ ಆಗುವುದಿಲ್ಲ. ಅವರು ಯಾವ ನಿಯಮ ಹಿಡಿದರು, ಆ ನಿಯಮ ಏನು ಹೇಳುತ್ತದೆ, ಅದು ಯಾವ ಸಾಲಿಗೆ ಅನ್ವಯ, ಉಳಿದದ್ದನ್ನು ಯಾಕೆ ತೆಗೆದರು, ಇದನ್ನು ಕೇಳಬಹುದು. ಐಟಿ ನಿಯಮ 4(8) ಇದಕ್ಕೆ ಸಹಾಯ ಮಾಡುತ್ತದೆ. ದೊಡ್ಡ ತಾಣ ತನ್ನ ಪಾಡಿಗೆ ಒಂದು ಪೋಸ್ಟ್ ತೆಗೆದರೆ ಹಾಕಿದವರಿಗೆ ಕಾರಣ ತಿಳಿಸಬೇಕು, ಪ್ರಶ್ನಿಸಲು ಸರಿಯಾದ ಅವಕಾಶ ಕೊಡಬೇಕು ಅನ್ನುತ್ತದೆ ಅದು. ಮೇಡಂ ಇನ್ನೊಂದು ಪ್ಯಾರಾ ಸೇರಿಸಿದರು. ಫೇಸ್‌ಬುಕ್‌ನ ತೀರ್ಮಾನಗಳನ್ನು ಮರುಪರಿಶೀಲಿಸುವ ಓವರ್‌ಸೈಟ್ ಬೋರ್ಡ್ 2021ರ ಏಪ್ರಿಲ್‌ನಲ್ಲಿ ಪಂಜಾಬಿ ಮಾಧ್ಯಮವೊಂದರ ವಿಡಿಯೊ ಇದ್ದ ಪೋಸ್ಟ್ ಬಗ್ಗೆ ತೀರ್ಮಾನ ಕೊಟ್ಟಿತ್ತು. ತೆಗೆದದ್ದು ತಪ್ಪು, ನಿಯಮಗಳೇ ಪಂಜಾಬಿಯಲ್ಲಿ ಇಲ್ಲ, ಮೊದಲು ಅನುವಾದ ಮಾಡಿ ಅಂತ. ಅದು ಬೇರೆ ಕಂಪನಿ, ನಮ್ಮ ತಾಣಕ್ಕೆ ಕಟ್ಟುಪಾಡಲ್ಲ. ಆದರೂ ಊರಿನ ಭಾಷೆ ಗೊತ್ತಿಲ್ಲದೆ ತೀರ್ಪು ಕೊಟ್ಟರೆ ಏನಾಗುತ್ತದೆ ಅನ್ನಲು ಒಳ್ಳೆಯ ಉದಾಹರಣೆ. ಜೊತೆಗೆ ನೋಟ್‌ಬುಕ್ಕಿನ ಪುಟಗಳು: ನೋಡಿ, ಬೆದರಿಕೆ, ಮಾರಾಟ ಕಂಡಾಗೆಲ್ಲ ನಾವೇ ತೆಗೆದಿದ್ದೇವೆ ಅಂತ.

ಆ ಪುಟಗಳನ್ನು ಸ್ಕ್ಯಾನ್ ಮಾಡುವಾಗಲೇ ತೋಟದ ಮಾಲೀಕರ ಪರ ಅನ್ನುವ ದೂರಿನ ನಿಜ ಗೊತ್ತಾದದ್ದು. ಕೊಡವರು, ಗೌಡರು ಅಂತ ನೋಡಿದರೆ ಎರಡೂ ಕಡೆಯ ಪೋಸ್ಟ್‌ಗಳು ಹೋಗಿದ್ದವು. ಆದರೆ ಹೆಚ್ಚಿನದೆಲ್ಲ ಯಾರೋ ರಿಪೋರ್ಟ್ ಒತ್ತಿದ ಮೇಲೆ ಹೋದದ್ದು. ತೋಟದ ಲೈನ್‌ಮನೆಯಲ್ಲಿರುವ ಕಾರ್ಮಿಕರು ಗುಂಪಿನಲ್ಲೇ ಇಲ್ಲ. ಅವರ ಬಗ್ಗೆ ಕೆಟ್ಟದಾಗಿ ಬರೆದರೆ ಒತ್ತುವವರು ಯಾರು? ನಮ್ಮಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಹೋಗುತ್ತಿತ್ತು, ಇಲ್ಲದಿದ್ದರೆ ಉಳಿಯುತ್ತಿತ್ತು.

ಸಮಿತಿ 30 ದಿನದಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ನಿಯಮ ಹೇಳುತ್ತದೆ. ನಮ್ಮ ವಿಷಯದಲ್ಲಿ ಅಲ್ಲಿವರೆಗೆ ಹೋಗಲಿಲ್ಲ. ಮೇಲ್ಮನವಿ ತಾಣಕ್ಕೆ ತಲುಪಿದ ಸ್ವಲ್ಪ ದಿನದಲ್ಲೇ ತಾಣದಿಂದ ಇಮೇಲ್: ಮತ್ತೆ ಪರಿಶೀಲಿಸಿದ್ದೇವೆ, ಗುಂಪು ಮತ್ತು ಅಕೌಂಟ್ ಮರಳಿ ತೆರೆದಿದ್ದೇವೆ. ಕ್ಷಮೆ ಗಿಮೆ ಏನಿಲ್ಲ. ಗದ್ದೆಯಲ್ಲಿದ್ದೆ, ಕೆಸರು ಕೈಯಲ್ಲೇ ಸುಬೇದಾರ್ರಿಗೆ ಫೋನ್ ಮಾಡಿದೆ. "ಆರ್ಡರ್ ಬಂತಾ?" ಅಂದರು. ತಾಣವೇ ಬಿಟ್ಟುಕೊಟ್ಟಿದೆ ಅಂದೆ. "ಹಂಗಾದ್ರೆ ಆರ್ಡರ್ ಬರುವವರೆಗೆ ಸಿಹಿ ಹಂಚಬೇಡ" ಅಂದರು. ಆಮೇಲೆ ಆದೇಶವೂ ಬಂತು, ತಾಣ ಸರಿಪಡಿಸಿದ್ದರಿಂದ ಮೇಲ್ಮನವಿ ಮುಕ್ತಾಯ ಅಂತ. ಆ ಪ್ರತಿ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಮುಂದಿನ ಸಲ ಯಂತ್ರ ಮತ್ತೆ ಹಿಡಿದರೆ ಮೊದಲು ತೋರಿಸಬೇಕಾದ ಕಾಗದ ಅದು.

ಎಲ್ಲ ವಾಪಸ್ ಬಂದಿಲ್ಲ. ಎರಡು ಚೀಲ ಚೆರಿಯ ಮಾತಿದ್ದ ಆ ಫೋಟೊ ಇನ್ನೂ ಇಲ್ಲ. ಅಜ್ಜನ ಮನೆಯವರಿಗೆ ಬೇಸರ. ಮೂಲ ಫೋಟೊ ಅವರ ಹತ್ತಿರ ಇದೆ, ಮುಂದಿನ ಕೈಲ್‌ಪೊಳ್ದ್‌ಗೆ ಹಾಕುತ್ತಾರಂತೆ, ಕಾಮೆಂಟ್ ಮುಚ್ಚಿ. ಗುಂಪು ಇಲ್ಲದ ದಿನಗಳಲ್ಲಿ ಕೆಲವರು ಬೇರೆ ಗುಂಪು ಮಾಡಿಕೊಂಡು ಹೋದರು, ಅವರೂ ಪೂರ್ತಿ ವಾಪಸ್ ಬಂದಿಲ್ಲ.

ಗುಂಪಿನಲ್ಲಿ ಈಗ ಕೆಲವು ಬದಲಾವಣೆ ಮಾಡಿದ್ದೇವೆ. ಸುಬೇದಾರ್ರ ನೋಟ್‌ಬುಕ್ ಈಗ ಎಲ್ಲರೂ ನೋಡಬಹುದಾದ ಒಂದು ಪಟ್ಟಿ. ಯಾವುದೇ ಪೋಸ್ಟ್ ತೆಗೆದರೂ ನಿಯಮದ ಸಂಖ್ಯೆ ಮತ್ತು ತಕರಾರಿನ ಸಾಲು ಅಲ್ಲಿರುತ್ತದೆ. ನಾನು ತೆಗೆದದ್ದನ್ನು ಪ್ರಶ್ನಿಸಿದರೆ ನಾನು ತೀರ್ಮಾನಿಸುವ ಹಾಗಿಲ್ಲ, ಉಳಿದಿಬ್ಬರು ನೋಡಬೇಕು. ಕೋವಿ ಫೋಟೊ ಕೆಳಗೆ ತಮಾಷೆಗೂ ರೇಟ್ ಕೇಳುವ ಹಾಗಿಲ್ಲ. ಕಾರ್ಮಿಕರ ವಿಷಯ ಬಂದ ಪೋಸ್ಟ್‌ಗಳನ್ನು ರಿಪೋರ್ಟ್‌ಗೆ ಕಾಯದೆ ದಿನಾ ಒಬ್ಬರು ಓದಬೇಕು. ಈ ವಾರ ಮೇಡಂ ಸರದಿ. ಮೊನ್ನೆ ಆನೆ ಬಗ್ಗೆ ನಾನು ತೆಗೆದ ಒಂದು ಪೋಸ್ಟನ್ನು ಅವರಿಬ್ಬರೂ ಸೇರಿ ವಾಪಸ್ ಹಾಕಿದ್ದಾರೆ. ನನಗೆ ಈಗಲೂ ಒಪ್ಪಿಗೆ ಇಲ್ಲ, ಪಟ್ಟಿಯಲ್ಲಿ ಹಾಗಂತ ಬರೆದಿದ್ದೇನೆ.